ಏರ್ ಬಾಕ್ಸ್ ತೆಗೆದ ಮೇಲೆ ಉಳಿಯುವ ಕೆಲಸ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬೈಕಿನ ಏರ್ ಫಿಲ್ಟರ್‌ಗಳನ್ನು ಗೊಂಚಲು ಗೊಂಚಲಾಗಿ ತೂಗುಹಾಕಿರುತ್ತಾರೆ. ಕೆಂಪು ಬಟ್ಟೆ, ಕ್ರೋಮ್ ಟೋಪಿ, ಹಿಂದೆ ಒಂದು ರಬ್ಬರ್ ಕತ್ತು, ಅದಕ್ಕೊಂದು ಕ್ಲಿಪ್. ಅಂಗಡಿಯವರ ಬಾಯಲ್ಲಿ ಇದು ‘ಕೋನ್ ಫಿಲ್ಟರ್’. ಹಳೆಯ ಯೆಜ್ಡಿಗೋ ಆರ್‌ಎಕ್ಸ್ 100ಕ್ಕೋ ಇದನ್ನು ಹಾಕಲು ಒಂದು ಸ್ಕ್ರೂಡ್ರೈವರ್ ಸಾಕು. ಹಾಕಿದ ಮೇಲೆ ಗಾಡಿ ನೆಟ್ಟಗೆ ಓಡುವಂತೆ ಮಾಡುವುದು ಮಾತ್ರ ಬೇರೆಯೇ ವಿದ್ಯೆ. 2020ರಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಇಲ್ಲವಾದ್ದರಿಂದ, ಆ ವಿದ್ಯೆ ಗೊತ್ತಿರುವ ಕೈಗಳೂ ಕಡಿಮೆಯಾಗುತ್ತಿವೆ.

ಇದನ್ನು ಶೋಕಿ ಎಂದು ತಳ್ಳಿಹಾಕುವವರು ಅರ್ಧ ಮಾತ್ರ ಸರಿ. ಯೆಜ್ಡಿ ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ತೊಡಗಿ 1996ರಲ್ಲಿ ಬಾಗಿಲು ಮುಚ್ಚಿತು. ಯಮಹಾ ಆರ್‌ಎಕ್ಸ್ 100 ಬಂದದ್ದು 1985ರಲ್ಲಿ. ಅದೂ 1996ಕ್ಕೇ ನಿಂತಿತು. ಇಷ್ಟು ವರ್ಷಗಳಲ್ಲಿ ಕಂಪನಿಯ ಏರ್ ಬಾಕ್ಸ್‌ಗಳು, ಅಂದರೆ ಮೂಲ ಫಿಲ್ಟರ್ ಕೂರುವ ಡಬ್ಬಿಗಳು, ತುಕ್ಕು ಹಿಡಿದವು, ಬಿರುಕು ಬಿಟ್ಟವು, ಗುಜರಿ ಸೇರಿದವು. ಒರಿಜಿನಲ್ ಸಿಗದವನಿಗೆ ಕೋನ್ ಫಿಲ್ಟರ್ ಅನಿವಾರ್ಯ. ಇನ್ನರ್ಧ ಜನ ಚೆನ್ನಾಗಿರುವ ಬಾಕ್ಸನ್ನೇ ಕಿತ್ತೆಸೆದು ಇದನ್ನು ಹಾಕುತ್ತಾರೆ. ಅವರ ಮಾತು ಆಮೇಲೆ.

ಈ ಬಗೆಯ ಫಿಲ್ಟರ್‌ಗಳಲ್ಲಿ ಲೋಕಪ್ರಸಿದ್ಧವಾದದ್ದು ಕೆ ಅಂಡ್ ಎನ್. ಅಮೆರಿಕದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಕೆನ್ ಜಾನ್ಸನ್ ಮತ್ತು ನಾರ್ಮ್ ಮೆಕ್‌ಡೊನಾಲ್ಡ್ ಎಂಬ ಇಬ್ಬರು ಬೈಕ್ ರೇಸ್ ಹುಚ್ಚಿನವರು ಶುರುಮಾಡಿದ ಕಂಪನಿ ಅದು, ಹೆಸರೂ ಅವರದ್ದೇ. ಹತ್ತಿಯ ತೆಳು ಬಟ್ಟೆಯನ್ನು ಪದರ ಪದರವಾಗಿ ಮಡಚಿ, ಆಚೀಚೆ ತಂತಿಬಲೆ ಕೊಟ್ಟು, ಎಣ್ಣೆ ಉಣಿಸಿದ ಫಿಲ್ಟರ್ ಅವರದು. ದೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ, ಗಾಳಿಗೆ ಹೆಚ್ಚು ತಡೆಯಿಲ್ಲ. ಜೆ.ಸಿ. ರಸ್ತೆಯ ಗೊಂಚಲಲ್ಲಿ ತೂಗುವ ಅಗ್ಗದ ಮಾಲೆಲ್ಲ ಅದರದೇ ನಕಲು. ಕೆಲವದರ ಒಳಗೆ ಬಲೆ ಬಿಟ್ಟರೆ ಏನೂ ಇರುವುದಿಲ್ಲ. ದೀಪಕ್ಕೆ ಹಿಡಿದಾಗ ಬೆಳಕು ಚುಕ್ಕಿ ಚುಕ್ಕಿಯಾಗಿ ನೇರ ತೂರಿಬಂದರೆ ಕೊಳ್ಳದಿರುವುದು ಒಳ್ಳೆಯದು. ಯೆಜ್ಡಿ, ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ಕ್ರ್ಯಾಂಕ್ ಕೇಸಿನ ಮೂಲಕವೇ ಹಾದುಹೋಗುತ್ತದೆ. ನುಗ್ಗಿದ ದೂಳು ಪಿಸ್ಟನ್, ರಿಂಗಿನ ಜೊತೆಗೆ ಬೇರಿಂಗನ್ನೂ ತಿನ್ನುತ್ತದೆ.

ಗಾಳಿ ಹೆಚ್ಚು ಬಂದರೆ ಒಳ್ಳೆಯದೇ ಅಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಕಾರ್ಬುರೇಟರ್ ಪೆಟ್ರೋಲನ್ನು ಅಳೆದು ಸುರಿಯುವುದಿಲ್ಲ. ಎಂಜಿನ್ ಎಳೆಯುವ ಗಾಳಿ ಇಕ್ಕಟ್ಟಿನ ಕೊಳವೆಯಲ್ಲಿ ರಭಸದಿಂದ ಹಾಯುವಾಗ ಅಲ್ಲಿ ಒತ್ತಡ ತಗ್ಗುತ್ತದೆ, ಕೆಳಗಿನ ಬಟ್ಟಲಿನ ಪೆಟ್ರೋಲ್ ಜೆಟ್ಟಿನ ತೂತಿನಿಂದ ಮೇಲಕ್ಕೆ ಚಿಮ್ಮುತ್ತದೆ. ಕಂಪನಿಯವರು ಆ ಜೆಟ್ಟನ್ನು ಆರಿಸಿದ್ದು ಬಾಕ್ಸ್ ಒಡ್ಡುವ ತಡೆಯನ್ನೂ ಲೆಕ್ಕಕ್ಕೆ ಹಿಡಿದು. ಬಾಕ್ಸ್ ಹೋದರೆ ತಡೆ ಹೋಯಿತು, ಜೆಟ್ ಮಾತ್ರ ಅದೇ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕೆಂಬುದು ಪುಸ್ತಕದ ಲೆಕ್ಕ. ಗಾಳಿಯ ಪಾಲು ಮಿತಿಮೀರಿದರೆ ಗಾಡಿ ‘ಲೀನ್’ ಆಯಿತು ಎನ್ನುತ್ತಾರೆ. ಲೀನ್ ಆದ ಎಂಜಿನ್ ಕಾಯುತ್ತದೆ, ಕಾದ ಪಿಸ್ಟನ್ ಹಿಗ್ಗಿ ಬೋರಿಗೆ ಕಚ್ಚಿಕೊಳ್ಳುತ್ತದೆ. ಟೂ ಸ್ಟ್ರೋಕ್ ಸವಾರರ ಮಾತಿನಲ್ಲಿ ಹೇಳುವುದಾದರೆ, ‘ಸೀಜ್ ಆಯ್ತು.’

ಬಾಕ್ಸಿಗೆ ಇನ್ನೊಂದು ಕೆಲಸವೂ ಇದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಯೆಜ್ಡಿಯಲ್ಲಿ ಗಾಳಿಯ ದಾರಿಯನ್ನು ತೆರೆದು ಮುಚ್ಚುವುದು ಪಿಸ್ಟನ್ನಿನ ಅಂಚೇ. ಕಡಿಮೆ ವೇಗದಲ್ಲಿ ದಾರಿ ಮುಚ್ಚುವ ಮೊದಲೇ ಸ್ವಲ್ಪ ಮಿಶ್ರಣ ಹಿಂದಕ್ಕೆ ಉಗಿಯುತ್ತದೆ. ಬಾಕ್ಸ್ ಇದ್ದಾಗ ಆ ಹನಿಮಂಜು ಅದರೊಳಗೇ ನಿಂತು ಮುಂದಿನ ಸಲ ಮರಳಿ ಎಂಜಿನ್ ಸೇರುತ್ತಿತ್ತು. ಕೋನ್ ಫಿಲ್ಟರ್ ಹಾಕಿದ ಯೆಜ್ಡಿಯ ಕಾರ್ಬುರೇಟರ್ ಹಿಂದೆ ಸದಾ ಎಣ್ಣೆ ಜಿನುಗುವುದು ಇದರಿಂದ. ಆರ್‌ಎಕ್ಸ್‌ನಲ್ಲಿ ರೀಡ್ ವಾಲ್ವ್ ಇರುವುದರಿಂದ ಈ ಕಾಟ ಅಷ್ಟಿಲ್ಲ.

ಇನ್ನು ಕೆಲಸದ ಮಾತು. ಬಲ್ಲ ಮೆಕ್ಯಾನಿಕ್ ಮೊದಲು ಜೆಟ್ಟಿಗೆ ಕೈಹಾಕುವುದೇ ಇಲ್ಲ. ‘ಎಲ್ಲಾದ್ರೂ ಏರ್ ಹೊಡೀತಿದ್ಯಾ ನೋಡ್ಬೇಕು ಸಾರ್, ಆಮೇಲೆ ಮಿಕ್ಕಿದ್ದು’ ಎನ್ನುತ್ತಾನೆ. ಕಾರ್ಬುರೇಟರಿನ ಬಾಯಿಯನ್ನು ವರ್ನಿಯರ್‌ನಲ್ಲಿ ಅಳೆದು, ಅದೇ ಅಳತೆಯ ಕತ್ತಿರುವ ಫಿಲ್ಟರ್ ಹುಡುಕುತ್ತಾನೆ. ದೊಡ್ಡದನ್ನು ತಂದು ಕ್ಲಿಪ್ ಬಿಗಿದು ಕೂರಿಸಿದರೆ ರಬ್ಬರ್ ಸುಕ್ಕುಗಟ್ಟಿ, ಆ ಸುಕ್ಕಿನಲ್ಲೇ ದೂಳು ನುಗ್ಗುತ್ತದೆ. ಕೆಲವು ಫಿಲ್ಟರ್‌ಗಳ ರಬ್ಬರ್ ಒಳಗಡೆ ತುಟಿಯಂತೆ ಮುಂಚಾಚಿರುತ್ತದೆ. ಕಾರ್ಬುರೇಟರ್ ಬಾಯಂಚಿನಲ್ಲಿರುವ ಸಣ್ಣ ಗಾಳಿರಂಧ್ರ ಅದರಿಂದ ಮುಚ್ಚಿಹೋದರೆ ಯಾವ ಜೆಟ್ ಹಾಕಿದರೂ ಗಾಡಿ ಐಡಲ್‌ನಲ್ಲಿ ನಿಲ್ಲುವುದಿಲ್ಲ. ಎಷ್ಟೋ ಜನ ಇಲ್ಲಿ ಎಡವಿ, ಕಾರ್ಬುರೇಟರ್ ಕೆಟ್ಟಿದೆ ಎಂದು ಹೊಸದಕ್ಕೆ ದುಡ್ಡು ಸುರಿಯುತ್ತಾರೆ.

ನಂತರ ಆಕ್ಸಲರೇಟರ್ ಹಿಡಿಗೆ ಬಿಳಿ ಟೇಪು ಸುತ್ತಿ ಕಾಲು, ಅರ್ಧ, ಮುಕ್ಕಾಲಿಗೆ ಗೆರೆ ಎಳೆಯುತ್ತಾನೆ. ಯಾವ ಗೆರೆಯಲ್ಲಿ ಗಾಡಿ ಮುಗ್ಗರಿಸುತ್ತದೆ ಎಂಬುದರ ಮೇಲೆ ರೋಗ ಗೊತ್ತಾಗುತ್ತದೆ. ಐಡಲ್‌ನಲ್ಲಿ, ಅದರ ತುಸು ಮೇಲೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಅದರಾಚೆ ಮೇನ್ ಜೆಟ್. ನೀಡಲ್ಲಿನ ತಲೆಯ ಬಳಿ ಸಾಮಾನ್ಯವಾಗಿ ಐದು ಕಚ್ಚುಗಳಿರುತ್ತವೆ, ಒಂದರಲ್ಲಿ ಉಗುರಿನಷ್ಟು ಸಣ್ಣ ಕ್ಲಿಪ್. ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಓಡುವಾಗ ಚೋಕ್ ತುಸು ಎಳೆದರೆ ಗಾಡಿ ಚುರುಕಾಯಿತೋ, ಲೀನ್. ಇನ್ನೂ ಮುಗ್ಗರಿಸಿತೋ, ‘ರಿಚ್’, ಅಂದರೆ ಪೆಟ್ರೋಲಿನ ಪಾಲು ಹೆಚ್ಚು.

ಕೊನೆಯ ಸಾಕ್ಷಿ ಪ್ಲಗ್. ಹೊಸ ಪ್ಲಗ್ ಹಾಕಿ, ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಪೂರ್ತಿ ತಿರುವಿ ಓಡಿಸಿ, ಒಮ್ಮೆಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಉರುಳುತ್ತಾ ಬಂದು ನಿಲ್ಲಬೇಕು. ಪ್ಲಗ್ ಬಿಚ್ಚಿದಾಗ ಪಿಂಗಾಣಿ ಕಂದು ಬಣ್ಣಕ್ಕೆ ತಿರುಗಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಮಸಿ ಹಿಡಿದಿದ್ದರೆ ರಿಚ್. ಈಗಿನ ಸೀಸರಹಿತ ಪೆಟ್ರೋಲ್ ಅಷ್ಟಾಗಿ ಬಣ್ಣ ಬಿಡದ ಕಾರಣ ಪಿಂಗಾಣಿಯ ಬುಡದಲ್ಲಿ ಕಾಣುವ ಸಣ್ಣ ವರ್ತುಲವನ್ನೇ ಭೂತಕನ್ನಡಿ ಹಿಡಿದು ನೋಡಬೇಕಾಗುತ್ತದೆ.

ಪೆಟ್ರೋಲಿನ ಮಾತು ಬಂದದ್ದಕ್ಕೆ ಹೇಳಲೇಬೇಕು. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯಲ್ಲಿ. ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಈ ಪೆಟ್ರೋಲಿಗೆ ಬೇಕಾದ ಗಾಳಿ ಸುಮಾರು 13.5 ಪಾಲು ಮಾತ್ರ. ಅಂದರೆ ಏನನ್ನೂ ಮುಟ್ಟದ ಹಳೆಯ ಗಾಡಿಯೇ ಈಗ ಒಂದಿಷ್ಟು ಲೀನ್ ಓಡುತ್ತಿದೆ. ಅದರ ಮೇಲೆ ಕೋನ್ ಫಿಲ್ಟರ್. ಅದರ ಮೇಲೆ ಶಿರಾಡಿ ಘಾಟಿ! ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಶೇ 8ರಷ್ಟು ಕಡಿಮೆ. ಇಲ್ಲಿ ಅಂಚಿಗೆ ತಂದು ಟ್ಯೂನ್ ಮಾಡಿದ ಗಾಡಿ ಘಟ್ಟ ಇಳಿದಾಗ ಇನ್ನಷ್ಟು ಲೀನ್ ಆಗುತ್ತದೆ. ಕರಾವಳಿಗೆ ಹೊರಡುವವರು ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದೇ ಇಟ್ಟುಕೊಳ್ಳಬೇಕು. ಮೈಲೇಜ್ ಸ್ವಲ್ಪ ಹೋಗಲಿ, ಬೋರ್ ಮಾಡಿಸುವ ಖರ್ಚಿಗಿಂತ ಅದು ಅಗ್ಗ.

ಕೆಲವು ಗ್ಯಾರೇಜುಗಳಲ್ಲಿ ದೊಡ್ಡ ಜೆಟ್ ಸಿಗದೆ ಇದ್ದದ್ದನ್ನೇ ಸೂಜಿ ಹಾಕಿ ಹಿಗ್ಗಿಸುತ್ತಾರೆ. ಹಾಗೆ ಕೆರೆದ ಹಿತ್ತಾಳೆಯ ತೂತು ದುಂಡಗೆ ಉಳಿಯುವುದಿಲ್ಲ, ಮೇಲಿನ ನಂಬರಿಗೂ ಅರ್ಥವಿರುವುದಿಲ್ಲ. ನಂಬರ್ ನಂಬುವಾಗಲೂ ಎಚ್ಚರ ಬೇಕು. ಜಾವಾದ ಜಿಕೋವ್ ಕಾರ್ಬುರೇಟರಿನ ಜೆಟ್ ನಂಬರನ್ನು ಮಿಕುನಿ ಕಾರ್ಬುರೇಟರಿನ ನಂಬರಿನೊಂದಿಗೆ ಹೋಲಿಸಿ ಕೊಳ್ಳುವಂತಿಲ್ಲ. ಒಬ್ಬೊಬ್ಬರ ಅಳತೆ ಒಂದೊಂದು ಥರ.

ಚೆನ್ನಾಗಿರುವ ಬಾಕ್ಸ್ ಕಿತ್ತವರ ವಿಷಯ ಬಾಕಿ ಇತ್ತು. ಕೋನ್ ಫಿಲ್ಟರ್ ಹಾಕಿದೊಡನೆ ಬೈಕು ಗಾಳಿ ಎಳೆಯುವ ಸದ್ದು ಜೋರಾಗಿ ಕೇಳುತ್ತದೆ. ಅದನ್ನೇ ಪಿಕಪ್ ಎಂದುಕೊಳ್ಳುತ್ತಾರೆ. ಸೈಲೆನ್ಸರ್, ಪೋರ್ಟು ಏನನ್ನೂ ಮುಟ್ಟದ ಗಾಡಿಯಲ್ಲಿ ಫಿಲ್ಟರ್ ಒಂದರಿಂದಲೇ ಹೇಳಿಕೊಳ್ಳುವಂಥ ಲಾಭವಿಲ್ಲ. ಬಾಕ್ಸಿನೊಳಗಿನ ಕಂಪನಿಯ ಫೋಮ್ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಎಣ್ಣೆಯಲ್ಲಿ ಅದ್ದಿ, ತಿರುಚದೆ ಒತ್ತಿ ಹಿಂಡಿ ಮತ್ತೆ ಕೂರಿಸಿದರೆ ಅರ್ಧ ಹಳೆಯ ಗಾಡಿಗಳ ದೂರು ಅಲ್ಲಿಗೇ ತೀರುತ್ತದೆ. ಹಾಕಿಯೇ ತೀರುತ್ತೇನೆ ಎನ್ನುವವರು ಬಿಚ್ಚಿದ ಬಾಕ್ಸನ್ನೂ ಹಳೆಯ ಜೆಟ್ಟನ್ನೂ ನಂಬರ್ ಬರೆದಿಟ್ಟು ಜೋಪಾನ ಮಾಡಲಿ, ಗಾಡಿ ಮಾರುವ ದಿನ ಜೊತೆಗೇ ಕೊಡಲಿ. ಈಗ ಯೆಜ್ಡಿ ಕೊಳ್ಳಲು ಬರುವವರು ಬಣ್ಣಕ್ಕಿಂತ ಮೊದಲು ಕೇಳುವುದು ಅದನ್ನೇ.