ಹೆರಿಗೆ ಆಸ್ಪತ್ರೆಯಲ್ಲಾದರೆ ಸಾಕೇ? ಬಸುರಿಯ ಮೊದಲ ತಪಾಸಣೆ ತಡವಾಗುವುದೇಕೆ?

"ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತೆ." "ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬೇಡಿ, ದೃಷ್ಟಿ ತಾಗುತ್ತೆ." "ನಮ್ಮ ಕಾಲದಲ್ಲಿ ಯಾವ ಚೆಕಪ್ ಇತ್ತು?" ಇಂಥ ಮಾತುಗಳನ್ನು ನೀವು ಮನೆಯಲ್ಲಿ ಕೇಳಿರುತ್ತೀರಿ, ಮೊಬೈಲ್‌ನಲ್ಲೂ ಓದಿರುತ್ತೀರಿ. ಇವುಗಳ ಜೊತೆಗೆ ಇನ್ನೊಂದು ನಂಬಿಕೆ ಸದ್ದಿಲ್ಲದೆ ಬೆಳೆದಿದೆ: ಹೆರಿಗೆ ಹೇಗೂ ಆಸ್ಪತ್ರೆಯಲ್ಲೇ ಆಗುತ್ತೆ, ಅಲ್ಲಿಯ ತನಕ ಹೋಗದಿದ್ದರೂ ನಡೆಯುತ್ತೆ.

ಇದು ನಿಜವೇ? ನೋಡೋಣ.

ಅಂಕಿಅಂಶ ಏನು ಹೇಳುತ್ತದೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಇದು ದೊಡ್ಡ ಸಾಧನೆ. ಆದರೆ ಮೊದಲ ಮೂರು ತಿಂಗಳೊಳಗೆ ತಪಾಸಣೆ ಮಾಡಿಸಿಕೊಂಡ ತಾಯಂದಿರು 100ಕ್ಕೆ ಸುಮಾರು 71 ಮಾತ್ರ. ಕಬ್ಬಿಣದ ಮಾತ್ರೆಯನ್ನು 100 ದಿನವಾದರೂ ನುಂಗಿದವರು ಅರ್ಧಕ್ಕಿಂತ ಕಡಿಮೆ. 100 ಗರ್ಭಿಣಿಯರಲ್ಲಿ ಸುಮಾರು 46 ಮಂದಿಗೆ ರಕ್ತಹೀನತೆ.

2018-20ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ಪಕ್ಕದ ಕೇರಳದಲ್ಲಿ ಆ ಸಂಖ್ಯೆ 19. ಅಂದರೆ ಹೆರಿಗೆ ಆಸ್ಪತ್ರೆಯಲ್ಲಿ ಆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

ಹಾಗಾದರೆ ಹೋಗದೇ ಇರುವುದೇಕೆ?

"ತಿಳಿವಳಿಕೆ ಇಲ್ಲ" ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಚಿಕ್ಕಮಗಳೂರು ಜಿಲ್ಲೆಯ ಬಯಲು ಸೀಮೆಯ ಕಡೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಒಂದು ಹಳ್ಳಿಯಲ್ಲೋ ತಾಂಡಾದಲ್ಲೋ ಇರುವ ಒಬ್ಬ ಬಸುರಿಯನ್ನು ಊಹಿಸಿಕೊಳ್ಳಿ. ಎರಡನೇ ತಿಂಗಳು. ಈರುಳ್ಳಿ ಕೀಳುವ ಅಥವಾ ಅಡಿಕೆ ಸುಲಿಯುವ ಕಾಲ. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಮೊದಲ ಮಗುವನ್ನು ಯಾರು ನೋಡಿಕೊಳ್ಳಬೇಕು? ಜೊತೆಗೆ ಯಾರು ಬರಬೇಕು? ಗಂಡ ಬಂದರೆ ಅವನ ಕೂಲಿಯೂ ಹೋಯಿತು.

ಬಸ್ಸಿನ ವಿಷಯಕ್ಕೆ ಬನ್ನಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಆದರೆ ಖಾಸಗಿ ಬಸ್ಸಿನಲ್ಲಿ ಆ ಟಿಕೆಟ್ ನಡೆಯುವುದಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಬರುವ ಊರಿನವರಿಗೆ ಹತ್ತು ನಿಮಿಷದ ತಪಾಸಣೆಗೂ ಇಡೀ ದಿನ ಬೇಕು.

ಇನ್ನು ಮನೆಯೊಳಗಿನ ಲೆಕ್ಕ. ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಎಷ್ಟೋ ಮನೆಗಳಲ್ಲಿ ಬಸುರಿಯಲ್ಲ. ಅತ್ತೆ ಅಥವಾ ಗಂಡ. "ನಾನು ನಾಲ್ಕು ಹೆತ್ತಿದ್ದೇನೆ, ಏನಾಯಿತು?" ಎನ್ನುವ ಅತ್ತೆಯದು ಕೆಟ್ಟ ಮನಸ್ಸಲ್ಲ, ಅದು ಅವರ ಅನುಭವ. ಆದರೆ ಹೆರಿಗೆಯಲ್ಲಿ ತೀರಿಹೋದವರು ತಮ್ಮ ಕಥೆ ಹೇಳಲು ಉಳಿದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಮೊದಲ ಹೆರಿಗೆ ಸುಸೂತ್ರವಾದ ಮನೆಯಲ್ಲಿ ಎರಡನೆಯದರ ಬಗ್ಗೆ ಅಸಡ್ಡೆಯೂ ಬರುತ್ತದೆ.

ಹಿಂದೊಮ್ಮೆ ಆಸ್ಪತ್ರೆಯಲ್ಲಿ "ಇಷ್ಟು ದಿನ ಏನು ಮಾಡ್ತಿದ್ದೆ?" ಎಂದು ಗದರಿಸಿಕೊಂಡವಳು ಮತ್ತೆ ಹೋಗಲು ಹಿಂಜರಿಯುತ್ತಾಳೆ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಿದ ಮನೆಯವರು ಕೇಸಾಗುತ್ತದೆ ಎಂಬ ಭಯಕ್ಕೆ ಬಸಿರನ್ನೇ ಮುಚ್ಚಿಡುತ್ತಾರೆ. ಹೆಚ್ಚಿನ ಆರೈಕೆ ಬೇಕಾದವಳೇ ಹೀಗೆ ಹೊರಗುಳಿಯುತ್ತಾಳೆ.

ಏಳನೇ ತಿಂಗಳ ಸೀಮಂತ ಮುಗಿದ ಮೇಲೆ ಇನ್ನೊಂದು ತೊಡಕು. ಕಡೂರಿನ ಸೊಸೆಯ ತವರು ಅರಸೀಕೆರೆ ಕಡೆಯೋ ಹೊಸದುರ್ಗ ಕಡೆಯೋ ಇರಬಹುದು. ಅಲ್ಲಿಗೆ ಹೋದರೆ ಜಿಲ್ಲೆಯೇ ಬದಲಾಯಿತು, ಆಶಾ ಕಾರ್ಯಕರ್ತೆಯೂ ಬದಲಾದರು. ತಾಯಿ ಕಾರ್ಡ್ ಗಂಡನ ಮನೆಯ ಬೀರುವಿನಲ್ಲೇ ಉಳಿದರೆ, ಹೆರಿಗೆ ಮಾಡಿಸುವ ವೈದ್ಯರಿಗೆ ಹಿಂದಿನದು ಏನೂ ತಿಳಿಯುವುದಿಲ್ಲ.

12 ವಾರದೊಳಗೇ ಏಕೆ ಹೋಗಬೇಕು?

ಕೆಲವು ತೊಂದರೆಗಳನ್ನು ಸರಿಪಡಿಸಲು ಔಷಧಿ ಇದ್ದರೆ ಸಾಲದು, ಸಮಯವೂ ಬೇಕು.

ರಕ್ತಹೀನತೆಯನ್ನೇ ನೋಡಿ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ. ಮೂರನೇ ತಿಂಗಳಲ್ಲಿ ಗೊತ್ತಾದರೆ ಮಾತ್ರೆಯಿಂದಲೇ ನಿಧಾನವಾಗಿ ಏರಿಸಬಹುದು. ಒಂಬತ್ತನೇ ತಿಂಗಳಲ್ಲಿ ಗೊತ್ತಾದರೆ ಮಾತ್ರೆ ಕೆಲಸ ಮಾಡಲು ದಿನಗಳೇ ಉಳಿದಿರುವುದಿಲ್ಲ. ಇಂಜೆಕ್ಷನ್ ಅಥವಾ ರಕ್ತ ಕೊಡಬೇಕಾಗಬಹುದು. ಗಟ್ಟಿಮುಟ್ಟಾದವಳು ತಡೆದುಕೊಳ್ಳುವಷ್ಟು ರಕ್ತಸ್ರಾವವೂ ರಕ್ತವಿಲ್ಲದವಳ ಜೀವಕ್ಕೆ ಮುಳುವಾಗುತ್ತದೆ.

ಬಿಪಿಯೂ ಹಾಗೆಯೇ. ಆರಂಭದಲ್ಲಿ ಬಿಪಿ ಎಷ್ಟಿತ್ತು ಎಂದು ಬರೆದಿಟ್ಟಿದ್ದರೆ, ಐದು ತಿಂಗಳ ನಂತರ ಅದು 140/90 ದಾಟಿದಾಗ ಬಸುರಿನಿಂದ ಬಂದದ್ದೋ ಮೊದಲೇ ಇದ್ದದ್ದೋ ಎಂದು ವೈದ್ಯರು ಹೇಳಬಲ್ಲರು. ಮೊದಲ ಸ್ಕ್ಯಾನಿಂಗ್ ಬೇಗ ಆದರೆ ಹೆರಿಗೆಯ ದಿನಾಂಕವೂ ಸರಿಯಾಗಿ ಸಿಗುತ್ತದೆ. ಮಗುವಿನ ಮೆದುಳು, ಬೆನ್ನುಹುರಿಯ ಬುನಾದಿ ಮೊದಲ ಒಂದೆರಡು ತಿಂಗಳಲ್ಲೇ ಆಗುವುದರಿಂದ ಫೋಲಿಕ್ ಆಸಿಡ್ ಮಾತ್ರೆ ಆಗಲೇ ಬೇಕು.

ಮೂರು ತಿಂಗಳು ಊರಿಗೆಲ್ಲ ಹೇಳಬೇಡಿ, ತೊಂದರೆಯಿಲ್ಲ. ಆದರೆ ಆಶಾ ಕಾರ್ಯಕರ್ತೆಗೂ ಡಾಕ್ಟರಿಗೂ ಹೇಳಿ.

ಕಬ್ಬಿಣದ ಮಾತ್ರೆಯಿಂದ ಮಗು ಕಪ್ಪಾಗುತ್ತದೆಯೇ?

ಇಲ್ಲ. ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತದೆ. ಮಾತ್ರೆ ನುಂಗಿದಾಗ ಕಪ್ಪಾಗುವುದು ಮಲ. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ ಹೀಗಾಗುತ್ತದೆ, ಹೆದರಬೇಕಿಲ್ಲ.

ಹೊಟ್ಟೆ ತೊಳಸುತ್ತದೆ, ಮಲಬದ್ಧತೆ ಆಗುತ್ತದೆ ಎಂಬ ದೂರು ಮಾತ್ರ ನಿಜ. ರಾತ್ರಿ ಊಟವಾದ ಮೇಲೆ ನುಂಗಿದರೆ ಎಷ್ಟೋ ಜನರಿಗೆ ತಡೆಯುತ್ತದೆ. ನಮ್ಮದು ಕಾಫಿಯ ಜಿಲ್ಲೆ. ಮಾತ್ರೆಯ ಜೊತೆ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ನುಂಗಬೇಕು. ನಿಂಬೆ, ನೆಲ್ಲಿಕಾಯಿ ಒಳ್ಳೆಯದು. ಮುದ್ದೆ, ಸೊಪ್ಪು ಬೇಕೇ ಬೇಕು, ಆದರೆ ಬಸುರಿನಲ್ಲಿ ಅವು ಮಾತ್ರೆಗೆ ಬದಲಿಯಲ್ಲ.

ಸ್ಕ್ಯಾನಿಂಗ್‌ನಿಂದ ಮಗುವಿಗೆ ಅಪಾಯವೇ?

ಬಸುರಿಯರಿಗೆ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಬಳಸುವುದು ಶಬ್ದದ ಅಲೆಗಳನ್ನು, ಎಕ್ಸ್‌ರೇ ಕಿರಣವನ್ನಲ್ಲ. ವೈದ್ಯರು ಹೇಳಿದಾಗ ಮಾಡಿಸಲು ಹೆದರಬೇಕಿಲ್ಲ. ಮಗು ಗಂಡೋ ಹೆಣ್ಣೋ ಎಂದು ಕೇಳುವುದು, ಹೇಳುವುದು ಮಾತ್ರ 1994ರ ಕಾಯ್ದೆಯಡಿ ಅಪರಾಧ.

ಮನೆಯವರು ಏನು ಮಾಡಬಹುದು?

- ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿಯಲ್ಲಿ ತಿಳಿಸಿ, ತಾಯಿ ಕಾರ್ಡ್ ಮಾಡಿಸಿ. ಖಾಸಗಿ ಆಸ್ಪತ್ರೆಗೆ ತೋರಿಸುತ್ತಿದ್ದರೂ ಮಾಡಿಸಿ.
- ಕನಿಷ್ಠ ನಾಲ್ಕು ತಪಾಸಣೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಬಾರಿ ಹೇಳುತ್ತಿದೆ.
- ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳ ನಂತರದ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ಆ ಒಂದು ದಿನ ಕೆಲಸಕ್ಕೆ ರಜೆ ಎಂದು ಮನೆಯಲ್ಲಿ ಮೊದಲೇ ತೀರ್ಮಾನಿಸಿ.
- ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಪರೀಕ್ಷೆ, ಔಷಧಿ ಎಲ್ಲವೂ ಉಚಿತ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ₹5,000 ಸಿಗುತ್ತದೆ. ಅದಕ್ಕೂ ನೋಂದಣಿ, ತಪಾಸಣೆ ಆಗಿರಬೇಕು.
- ತವರಿಗೆ ಹೊರಟಾಗ ಸೀರೆ, ಬಳೆಯ ಜೊತೆ ತಾಯಿ ಕಾರ್ಡ್, ರಿಪೋರ್ಟ್‌ಗಳೂ ಚೀಲಕ್ಕೆ ಬರಲಿ. ಅಲ್ಲಿನ ಆಶಾ ಕಾರ್ಯಕರ್ತೆಗೆ ಮೊದಲ ವಾರದಲ್ಲೇ ತಿಳಿಸಿ.
- ತೀವ್ರ ಅಪಾಯವಿದ್ದರೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಕಳಿಸಬಹುದು. ಯಾವ ಕಡೆ ಹೋಗುವುದು, ಜೊತೆಗೆ ಯಾರು, ರಕ್ತ ಕೊಡುವವರು ಯಾರು ಎಂದು ಮೊದಲೇ ಮಾತಾಡಿಕೊಳ್ಳಿ.

ತಡಮಾಡಬಾರದ ಲಕ್ಷಣಗಳು: ರಕ್ತಸ್ರಾವ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ಫಿಟ್ಸ್, ಜ್ವರ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.

ಕೊನೆಗೆ

ಹೆರಿಗೆ ಆಸ್ಪತ್ರೆಯಲ್ಲಾದರೆ ಸಾಕು ಎಂಬುದು ಅರ್ಧ ಸತ್ಯ. ಆಸ್ಪತ್ರೆಗೆ ಬರುವ ಹೊತ್ತಿಗೆ ತಾಯಿಯ ಮೈಯಲ್ಲಿ ರಕ್ತವಿರಬೇಕು, ಕೈಯಲ್ಲಿ ಕಾರ್ಡ್ ಇರಬೇಕು. ಅದಕ್ಕೆ ಏಳೆಂಟು ತಿಂಗಳು ಮೊದಲೇ ಮನೆಯಲ್ಲಿ ಯಾರಾದರೂ ಒಬ್ಬರು "ನಡಿ, ನಾನು ಜೊತೆಗೆ ಬರ್ತೀನಿ" ಎನ್ನಬೇಕು. ಈ ಬರಹವನ್ನು ಬಸುರಿಗೆ ಮಾತ್ರವಲ್ಲ, ಅವಳ ಗಂಡನಿಗೂ ಅತ್ತೆಗೂ ಕಳಿಸಿ.