ಚುಕ್ಕಿ ಕಳೆದರೆ ಸ್ವರವೂ ಕಳೆದೀತು



ನಿಮ್ಮ ಮನೆಯಲ್ಲಿ ಅಜ್ಜಿಯೋ ಅಮ್ಮನೋ ಕೈಯಲ್ಲಿ ಬರೆದಿಟ್ಟ ಹಾಡಿನ ಪುಸ್ತಕ ಇದೆಯೇ? ಇಲ್ಲಿ ಮನುಕಾವ್‌ನ ನಮ್ಮ ಮನೆಯಲ್ಲಿ ಒಂದಿದೆ, ಮೈಸೂರಿನ ಅಜ್ಜಿಯದು. ಹಾಳೆಗಳ ಅಂಚು ಮುರಿಯತೊಡಗಿದೆ. ಅದಕ್ಕೇ ಕಳೆದ ರಜೆಯಲ್ಲಿ ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಕುಳಿತೆ.

ಮೊದಲ ಪುಟ ಸರಳೆ ವರಸೆ. ಸ ರಿ ಗ ಮ | ಪ ದ | ನಿ ಸ ‖ ಎಂದು ಟೈಪ್ ಮಾಡಿ ತಂಗಿಗೆ ಕೊಟ್ಟೆ. ಆದಿತಾಳದ ಎಂಟು ಅಕ್ಷರ: ನಾಲ್ಕು, ಎರಡು, ಎರಡು. ಅವಳು ‘ನಿ’ವರೆಗೆ ಚೆನ್ನಾಗಿ ಹತ್ತಿ, ಕೊನೆಯ ‘ಸ’ಕ್ಕೆ ಧೊಪ್ಪನೆ ಕೆಳಗೆ ಬಿದ್ದಳು! ತಪ್ಪು ನನ್ನದು. ಅಜ್ಜಿ ಆ ‘ಸ’ದ ಮೇಲೆ ಚುಕ್ಕಿ ಇಟ್ಟಿದ್ದರು. ಮೇಲೆ ಚುಕ್ಕಿ ಇದ್ದರೆ ತಾರ ಸ್ಥಾಯಿ, ಕೆಳಗಿದ್ದರೆ ಮಂದ್ರ. ನಾನು ಅದನ್ನು ಬಿಟ್ಟುಬಿಟ್ಟಿದ್ದೆ.

ತಂಗಿಗೆ ಕನ್ನಡ ಓದುವುದು ನಿಧಾನ. ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರೆ ಸಾಕಲ್ಲವೇ ಅಂದುಕೊಂಡೆ. ನೀವೇ ನೋಡಿ: ಬಿ, ಎ, ಎಲ್, ಇ ಎಂದು ಬರೆದರೆ ಅದು ಬಲೆಯೋ, ಬಳೆಯೋ, ಬಾಲೆಯೋ, ಬಾಳೆಯೋ? ನಾಲ್ಕು ಪದಕ್ಕೆ ಒಂದೇ ಕಾಗುಣಿತ!

ದಾರಿ ತೋರಿಸಿದ್ದು ಮಾವೊರಿ ಭಾಷೆ. ಮಾಂಗೆರೆ, ಓಟರ ಎಂಬ ಹೆಸರುಗಳಲ್ಲಿ ಅಕ್ಷರದ ಮೇಲೊಂದು ಗೆರೆ ನೋಡಿದ್ದೀರಲ್ಲ? ಅದು ತೊಹುಟೋ, ಅಂದರೆ ನಮ್ಮ ದೀರ್ಘವೇ. ಗೆರೆ ಇಲ್ಲದ ‘ಕೆಕೆ’ ಎಂದರೆ ಕೇಕ್, ಗೆರೆ ಇರುವ ‘ಕೇಕೇ’ ಎಂದರೆ ಕಂಕುಳು! ಭಾರತೀಯ ಲಿಪಿಗಳನ್ನು ರೋಮನ್ ಅಕ್ಷರದಲ್ಲಿ ಬರೆಯಲೂ 2001ರ ಐಎಸ್‌ಒ 15919 ಎಂಬ ಪದ್ಧತಿ ಇದೆ. ಅದರಲ್ಲಿ ದೀರ್ಘಕ್ಕೆ ಮೇಲೆ ಗೆರೆ. ಟ, ಡ, ಣ, ಳ ಅಕ್ಷರಗಳಿಗೆ ಕೆಳಗೆ ಚುಕ್ಕಿ.

ಕೊನೆಗೆ ನಾನು ಮಾಡಿಕೊಂಡ ನಿಯಮಗಳು ಇವು:

1. ಮೊದಲು ಕನ್ನಡ ಲಿಪಿ, ಅದರ ಕೆಳಗೆ ಸಣ್ಣದಾಗಿ ಗೆರೆ-ಚುಕ್ಕಿ ಸಹಿತ ಇಂಗ್ಲಿಷ್ ಅಕ್ಷರ.

2. ಪ್ರತಿ ಪುಟದ ತಲೆಯಲ್ಲಿ ರಾಗ, ತಾಳ, ರಚಿಸಿದವರು, ಯಾವಾಗಲೂ ಇದೇ ಕ್ರಮದಲ್ಲಿ.

3. ಸ್ಥಾಯಿಯ ಚುಕ್ಕಿಯನ್ನು ಬಿಡುವಂತಿಲ್ಲ. ಫಾಂಟ್ ಬದಲಾದಾಗ ಚುಕ್ಕಿ ಜಾರಬಹುದು. ಆದ್ದರಿಂದ ಯಾರಿಗಾದರೂ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸುವುದು.

4. ಎರಡನೇ ಕಾಲದ ಗೆರೆ ಸ್ವರದ ಮೇಲೆ ಮಾತ್ರ. ಭಾತಖಂಡೆ ಪದ್ಧತಿಯಲ್ಲಿ ಸ್ವರದ ಕೆಳಗಿನ ಗೆರೆ ಕೋಮಲ ಸ್ವರದ ಗುರುತು. ಹಿಂದೂಸ್ತಾನಿ ಕಲಿಯುವ ಗೆಳೆಯರಿಗೆ ಗೊಂದಲವಾಗಬಾರದು.

5. ಅಜ್ಜಿ ‘ವಿಠಲ’ ಎಂದು ಬರೆದಿದ್ದರೆ ‘ವಿಟ್ಠಲ’ ಎಂದು ತಿದ್ದುವುದಿಲ್ಲ.

ಇಷ್ಟಾದರೂ ಒಂದು ಗುರುತು ಅರ್ಥವಾಗಲಿಲ್ಲ. ಕೆಲವು ಸ್ವರಗಳ ಮೇಲೆ ಅಲೆಯಂಥ ಗೆರೆ ಇತ್ತು. ಅಮ್ಮನಿಗೂ ತಿಳಿಯಲಿಲ್ಲ. ಅಜ್ಜಿಗೆ ಫೋನ್ ಮಾಡಿದೆ. ಅವರಿಗೀಗ ಕಣ್ಣು ಮಂಜು, ಫೋಟೋ ಕಳಿಸಿದರೆ ಕಾಣುವುದಿಲ್ಲ. ನಾನು ಸ್ವರಗಳನ್ನು ಓದಿ ಹೇಳಿದೆ. ಅವರು ಹಾಡಿ ತೋರಿಸಿದರು. “ಅಲ್ಲಿ ಸ್ವರ ಅಲ್ಲಾಡ್ಬೇಕು ಕಣೋ, ಕಂಪಿತ” ಅಂದರು. ನಾನು ರೆಕಾರ್ಡ್ ಮಾಡಿಕೊಂಡೆ.

ಈಗ ಎಲ್ಲ ಗುರುತುಗಳ ಅರ್ಥವನ್ನು ನನ್ನ ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇದ್ದರೆ, ಟೈಪ್ ಮಾಡುವುದು ನಿಧಾನವಾದರೂ ಪರವಾಗಿಲ್ಲ. ಅದರಲ್ಲಿರುವ ಗುರುತುಗಳ ಅರ್ಥವನ್ನು ಮಾತ್ರ ಈ ವಾರವೇ ಬರೆದವರನ್ನು ಕೇಳಿಟ್ಟುಕೊಳ್ಳಿ.