ಕೈಗುಣವೊಂದಿದ್ದರೆ ಸಾಕೇ?

ಕೊಯಮತ್ತೂರಿನಿಂದ ವಾಳಯಾರ್ ದಾಟಿದರೆ ಪಾಲಕ್ಕಾಡು. ಕೇರಳ ಇಷ್ಟು ಹತ್ತಿರ ಇರುವುದರಿಂದ ಕೊಯಮತ್ತೂರಿನಲ್ಲಾಗಲಿ ತಿರುಪ್ಪೂರಿನಲ್ಲಾಗಲಿ ಆಯುರ್ವೇದ ಮಸಾಜ್ ಬೋರ್ಡುಗಳಿಗೆ ಬರವಿಲ್ಲ. ಬೋರ್ಡು ಹೆಚ್ಚಿದಂತೆ ಕೆಲಸಗಾರರೂ ಬೇಕು, ಕೆಲಸಗಾರರು ಬೇಕೆಂದರೆ ಕಲಿಸುವವರೂ ಹುಟ್ಟಿಕೊಳ್ಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ರೇಗುವುದು ಹತ್ತೇ ದಿನದಲ್ಲಿ ಥೆರಪಿಸ್ಟ್ ಮಾಡಿ ಕಳಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ಕಂಡಾಗ. ಅದಕ್ಕಿಂತ ರೇಗುವುದು ಆ ಜಾಹೀರಾತನ್ನು ಓದಿ ಯಾರೂ ನಗದೇ ಇದ್ದಾಗ. ಏಕೆ ನಗುವುದಿಲ್ಲವೆಂದರೆ, ಮಾಲಿಶು ಕಲಿಯಬೇಕಾದ ವಿದ್ಯೆಯೆಂದು ನಮ್ಮಲ್ಲಿ ಹೆಚ್ಚಿನವರು ಒಪ್ಪಿಯೇ ಇಲ್ಲ. ಕೈಗುಣ ಇರಬೇಕು, ತೋಳಲ್ಲಿ ಒಂದಿಷ್ಟು ಬಲ ಇದ್ದರೆ ಇನ್ನೂ ಒಳ್ಳೆಯದು, ಅಷ್ಟೇ. ಕಲಿಯುವುದೇ ಇಲ್ಲದ ಕೆಲಸಕ್ಕೆ ಹತ್ತು ದಿನ ಬೇಕಾದಷ್ಟಾಯಿತಲ್ಲ!

ಈ ಕೈಗುಣದ ಖ್ಯಾತಿ ಹೇಗೆ ಬೆಳೆಯುತ್ತದೆಂದು ನೋಡಿ. ಸೊಂಟ ಹಿಡಿದುಕೊಂಡರೆ ಅದರ ಪಾಡಿಗೆ ಬಿಟ್ಟರೂ ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ನೋವು ತಾರಕಕ್ಕೇರಿದ ದಿನವೇ ಮನುಷ್ಯ ಮಾಲಿಶಿನವನನ್ನು ಹುಡುಕಿಕೊಂಡು ಹೋಗುತ್ತಾನೆ; ಅಲ್ಲಿಂದಾಚೆಗೆ ಅದು ಇಳಿಯಲೇಬೇಕು. ಇಳಿದಾಗ ಪುಣ್ಯವೆಲ್ಲ ಕೊನೆಗೆ ಮುಟ್ಟಿದ ಕೈಗೆ. ಗುಣವಾದವನು ಊರೆಲ್ಲ ಹೇಳಿಕೊಂಡು ಬರುತ್ತಾನೆ, ಗುಣವಾಗದವನು ಬೇರೆ ಬಾಗಿಲಿಗೆ ಹೋಗುತ್ತಾನೆ, ಕೆಟ್ಟದ್ದಾದವನು ಆಸ್ಪತ್ರೆ ಸೇರುತ್ತಾನೆ. ಮಾಲಿಶಿನವನ ಕಿವಿಗೆ ಬೀಳುವುದು ಮೊದಲನೆಯವನ ಮಾತು ಮಾತ್ರ. ಅವನು ಮೋಸಗಾರನಲ್ಲ, ತನ್ನ ಕೈಯನ್ನು ತಾನೇ ನಂಬಿಬಿಟ್ಟಿರುತ್ತಾನೆ. ತಪ್ಪನ್ನು ತಿದ್ದಿಕೊಳ್ಳಲು ಬೇಕಾದ ಸುದ್ದಿ ಬಂದು ಸೇರದ ಜಾಗದಲ್ಲಿ ಇಪ್ಪತ್ತು ವರ್ಷದ ಅನುಭವ ಎನ್ನುವುದು ಒಂದೇ ವರ್ಷವನ್ನು ಇಪ್ಪತ್ತು ಸಲ ಮಾಡಿದಂತೆ.

ನಿಜಕ್ಕೂ ಕಲಿಯಬೇಕಾದದ್ದು ಕೈ ಇಡುವ ಮೊದಲಿನ ಐದು ನಿಮಿಷದಲ್ಲಿದೆ. ತಿರುಪ್ಪೂರಿನ ಬನಿಯನ್ ಕಂಪನಿಗಳನ್ನೇ ತೆಗೆದುಕೊಳ್ಳಿ. ಇಸ್ತ್ರಿ ಮಾಡುವವರದ್ದು, ಚೆಕಿಂಗ್ ಮಾಡುವವರದ್ದು ದಿನವಿಡೀ ನಿಂತೇ ಮಾಡುವ ಕೆಲಸ. ಕಾಲುನೋವು ಎಂದು ಬರುವವರಲ್ಲಿ ಹೆಚ್ಚಿನವರದ್ದು ಬರೀ ದಣಿವು, ಒತ್ತಿಸಿಕೊಂಡರೆ ಹಾಯೆನಿಸುತ್ತದೆ. ಆದರೆ ಅವರ ನಡುವೆ ಒಬ್ಬನಿಗೆ ಒಂದೇ ಮೀನಖಂಡ ಊದಿರುತ್ತದೆ. ಮುಟ್ಟಿದರೆ ಇನ್ನೊಂದು ಕಾಲಿಗಿಂತ ಬಿಸಿ, ಚರ್ಮ ಬಿಗಿದು ತುಸು ಕೆಂಪು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಎಂಬುದರ ಗುರುತು ಅದು. ಅಂಥ ಕಾಲನ್ನು ಬಲವಾಗಿ ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಊಹೆಯ ಮಾತಲ್ಲ ಇದು. ಕಾಲಿಗೆ ಪೆಟ್ಟಾಗಿ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ದೆಹಲಿಯ ಯುವಕನೊಬ್ಬ, ಅದು ತೆಗೆದ ಮೇಲೂ ಉಳಿದಿದ್ದ ನೋವಿಗೆ ಮನೆಯಲ್ಲಿ ತಾಯಿಯ ಕೈಯಿಂದ ಎಣ್ಣೆ ತಿಕ್ಕಿಸಿಕೊಂಡು, ಹೀಗೆಯೇ ತೀರಿಕೊಂಡದ್ದನ್ನು ಅಲ್ಲಿನ ಏಮ್ಸ್‌ನ ವಿಧಿವಿಜ್ಞಾನ ವೈದ್ಯರು 2017ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ತಾಯಿಯ ಕೈಗಿಂತ ಕೈಗುಣ ಇನ್ನೆಲ್ಲಿದೆ?

ಕುತ್ತಿಗೆ ತಿರುವುವುದು ಇನ್ನೂ ಸಾಮಾನ್ಯ. ಕ್ಷೌರ ಮುಗಿದ ಮೇಲೆ ತಲೆ ತಟ್ಟಿ, ಗದ್ದ ಹಿಡಿದು ಕುತ್ತಿಗೆಯನ್ನು 'ಲಟಕ್' ಎನಿಸಿದರೆ ಗಿರಾಕಿಗೆ ಸಮಾಧಾನ. 2024ರಲ್ಲಿ ಬಳ್ಳಾರಿಯ ಮೂವತ್ತರ ಹರೆಯದವನೊಬ್ಬ ಹೀಗೆ ಕುತ್ತಿಗೆ ತಿರುವಿಸಿಕೊಂಡು, ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು, ಪಾರ್ಶ್ವವಾಯುವಾಗಿ ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇಂಥ ಅಪಾಯ ಅಪರೂಪ ಎಂದು ವಾದಿಸುವವರಿದ್ದಾರೆ, ಒಪ್ಪಿಕೊಳ್ಳೋಣ, ಅಪರೂಪವೇ. ಅಪರೂಪ ಆದದ್ದರಿಂದಲೇ ಅದನ್ನು ಅನುಭವದಿಂದ ಕಲಿಯಲು ಬರುವುದಿಲ್ಲ. ಸಾವಿರ ಕುತ್ತಿಗೆ ತಿರುವಿಯೂ ಏನೂ ಆಗಲಿಲ್ಲ ಎಂಬ ಧೈರ್ಯದಲ್ಲೇ ಸಾವಿರದ ಒಂದನೆಯದಕ್ಕೆ ಕೈ ಹಾಕುವುದು. ಅದನ್ನು ಮೊದಲೇ ತಿಳಿಯಬೇಕಾದರೆ ಬೇರೆಯವರ ಕೈಯಲ್ಲಿ ಆದದ್ದನ್ನು ಓದಬೇಕು, ದೇಹದೊಳಗೆ ಯಾವ ನಾಳ ಎಲ್ಲಿ ಹಾದುಹೋಗುತ್ತದೆಂದು ಗೊತ್ತಿರಬೇಕು. ಪಾಠ ಎನ್ನುವುದು ಇದಕ್ಕೇ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ: ನಮ್ಮ ಅಜ್ಜಿಯರು ಯಾವ ಕೋರ್ಸು ಮಾಡಿ ಬಾಣಂತಿಗೆ, ಮಗುವಿಗೆ ಎಣ್ಣೆ ಹಚ್ಚಿದರು? ಸರ್ಟಿಫಿಕೇಟಿಲ್ಲದ ಪರಂಪರೆ ಸುಳ್ಳೇ? ಅಜ್ಜಿ ಎಣ್ಣೆ ಹಚ್ಚುತ್ತಿದ್ದದ್ದು ತನ್ನ ಮನೆಯವರಿಗೆ. ಯಾರಿಗೆ ಯಾವ ಕಾಯಿಲೆ, ಯಾರಿಗೆ ಯಾವ ಊಟ ಆಗದು ಎಂಬ ಚರಿತ್ರೆಯೆಲ್ಲ ಅವಳ ಬಾಯಲ್ಲಿತ್ತು. ದುಡ್ಡು ಕೊಟ್ಟು ಬಂದು ಮಲಗುವ ಅಪರಿಚಿತನ ಚರಿತ್ರೆಯನ್ನು ಕೇಳಿಯೇ ತಿಳಿಯಬೇಕು, ಕೇಳಲು ಏನು ಕೇಳಬೇಕೆಂದು ಗೊತ್ತಿರಬೇಕು. ಪರಂಪರೆಯ ವಿಷಯಕ್ಕೆ ಬಂದರೆ, ಕೈಗುಣವಾದಿಗಳು ಅದನ್ನು ಓದಿದ ಹಾಗೆ ಕಾಣುವುದಿಲ್ಲ. ದಿನವೂ ಅಭ್ಯಂಗ ಮಾಡಿಕೊಳ್ಳಬೇಕು ಎಂದು ಹೇಳುವ ಆಯುರ್ವೇದ ಗ್ರಂಥ ಅಷ್ಟಾಂಗಹೃದಯವೇ ಅದರ ಬೆನ್ನಿಗೆ ಯಾರಿಗೆ ಕೂಡದು ಎಂದೂ ಹೇಳುತ್ತದೆ: ಕಫ ಹೆಚ್ಚಾದವರಿಗೆ, ಆಗತಾನೇ ಶೋಧನ ಚಿಕಿತ್ಸೆ ಮುಗಿಸಿದವರಿಗೆ, ಅಜೀರ್ಣವಾದವರಿಗೆ. ಆ ಪಟ್ಟಿಯನ್ನು ಇಂದಿನ ವೈದ್ಯ ಒಪ್ಪುತ್ತಾನೋ ಬಿಡುತ್ತಾನೋ, ಮುಟ್ಟುವ ಮುನ್ನ ವಿಚಾರಿಸು ಎಂಬ ಶಿಸ್ತಂತೂ ಅಲ್ಲಿತ್ತು. ಕೇರಳದ ಕಳರಿ ಗರಡಿಗಳ ಉಳಿಚ್ಚಿಲ್ ಎಂಬ ಮಾಲಿಶನ್ನು ಕಲಿತವರೂ ಹತ್ತು ದಿನದಲ್ಲಿ ಕಲಿತದ್ದಲ್ಲ. ಗುರುವಿನ ಕೈಕೆಳಗೆ ವರ್ಷಗಟ್ಟಲೆ ಇದ್ದವರು. ಈಗ ಸಿಗುತ್ತಿರುವುದು ಪರಂಪರೆಯೂ ಅಲ್ಲದ, ಆಧುನಿಕವೂ ಅಲ್ಲದ ಮೂರನೆಯ ಸರಕು.

ಇನ್ನು ಕೆಲವರು ವಿಜ್ಞಾನವನ್ನೇ ಸಾಕ್ಷಿಗೆ ಕರೆಯುತ್ತಾರೆ. 1943ರಲ್ಲಿ ಶುರುವಾದ ಆರ್ಯ ವೈದ್ಯ ಫಾರ್ಮಸಿಯಿಂದಾಗಿ ಕೊಯಮತ್ತೂರು ಆಯುರ್ವೇದದಲ್ಲಿ ಹೆಸರು ಮಾಡಿದ ಊರು. ಸಂಧಿವಾತದ ರೋಗಿಗಳ ಮೇಲೆ ಅಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಯುರ್ವೇದ ಮತ್ತು ಅಲೋಪಥಿಯ ಔಷಧಿ ಮೆಥೊಟ್ರೆಕ್ಸೇಟ್ ಹತ್ತಿರಹತ್ತಿರ ಸಮನಾಗಿ ಕೆಲಸ ಮಾಡಿದವು ಎಂದು ಬಂತು. ಒಳ್ಳೆಯ ಶಿಸ್ತಿನ ಪ್ರಯೋಗ, ಆದರೆ ರೋಗಿಗಳು 43 ಮಂದಿ. ಮೇಲಾಗಿ ಅಲ್ಲಿ ಪರೀಕ್ಷೆಗೆ ಒಡ್ಡಿದ್ದು ಗಿಡಮೂಲಿಕೆಯ ಔಷಧಿಯನ್ನು. ಎಣ್ಣೆ ತಿಕ್ಕುವ ಅಂಗಡಿಗೂ ಅದಕ್ಕೂ ಏನು ಸಂಬಂಧ?

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ಮಾಲಿಶಿನಿಂದ ಸ್ನಾಯುವಿನ ಲ್ಯಾಕ್ಟಿಕ್ ಆಮ್ಲ ಹೊರಹೋಗುವುದಿಲ್ಲ. ವ್ಯಾಯಾಮ ನಿಲ್ಲಿಸಿದ ಗಂಟೆಯೊಳಗೆ ಅದು ತಾನಾಗಿಯೇ ಇಳಿಯುತ್ತದೆ, 2012ರಲ್ಲಿ ಕೆನಡಾದ ಸಂಶೋಧಕರು ಮಾಲಿಶು ಮಾಡಿದ ಸ್ನಾಯುವಿನ ಚೂರು ತೆಗೆದು ನೋಡಿದಾಗ ಉರಿಯೂತ ತಗ್ಗಿದ್ದು ಕಂಡಿತು, ಆಮ್ಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ನರದ ಮೇಲೆ ನರ ಏರುವುದಿಲ್ಲ. ನೋವಾದಷ್ಟೂ ಒಳ್ಳೆಯದು ಎಂಬುದು ಹೊಡೆದು ಬುದ್ಧಿ ಕಲಿಸುವ ಮೇಷ್ಟರ ಕಾಲದ ಮಾತು. ಇದು ಮರ್ಯಾದೆಯ ಕೆಲಸವಲ್ಲ ಎನ್ನುವವರಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ.

ಕಲಿತ ಕೈ ಎಂದರೇನು ಎಂಬುದಕ್ಕೆ ಕಿಳಿಯ ಕೆಲಸ ನೋಡಬೇಕು. ಸೊಪ್ಪಿನ ಗಂಟನ್ನು ಎಣ್ಣೆಯಲ್ಲಿ ಬಿಸಿ ಮಾಡಿ, ಮೈಗೆ ಇಡುವ ಮೊದಲು ಚಿಕಿತ್ಸೆ ಮಾಡುವವಳು ತನ್ನ ಮುಂಗೈಗೆ ಒಮ್ಮೆ ತಾಗಿಸಿಕೊಳ್ಳುತ್ತಾಳೆ. ಮಲಗಿದವರು ಬಹುಕಾಲದ ಸಕ್ಕರೆ ಕಾಯಿಲೆಯವರಾದರೆ ಪಾದದಲ್ಲಿ ಸ್ಪರ್ಶವೇ ಸತ್ತಿರಬಹುದು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ, 'ಬಿಸಿ ಸಾಕಾ' ಎಂದರೆ 'ಇನ್ನೂ ಬೇಕು' ಎಂದೇ ಹೇಳುತ್ತಾರೆ. ಅವರ ಮಾತನ್ನು ಕೇಳಬಾರದು ಎಂಬುದನ್ನು ಕೈಗುಣ ಹೇಳಿಕೊಡುವುದಿಲ್ಲ. ಒತ್ತುವಾಗಲೂ ಕಲಿತವರು ಹೆಬ್ಬೆರಳಿಗೆ ಭಾರ ಹಾಕುವುದಿಲ್ಲ. ಕಾಲು ಅಗಲಿಸಿ ನಿಂತು ಮೈಭಾರವನ್ನು ಮುಂದಕ್ಕೆ ವಾಲಿಸಿ ಮುಂದೋಳಿನಿಂದ ಒತ್ತುತ್ತಾರೆ. ಕಲಿಯದವರು ಕೆಲವೇ ವರ್ಷದಲ್ಲಿ ತಮ್ಮ ಹೆಬ್ಬೆರಳು, ಮಣಿಕಟ್ಟು ಹಾಳುಮಾಡಿಕೊಂಡು ಮನೆ ಸೇರುತ್ತಾರೆ. ಕೊಯಮತ್ತೂರು ಜಿಲ್ಲೆಯ ನೆಗಮಂ ಕಡೆಯ ಕುಳಿಮಗ್ಗದ ಮುಂದೆ ಬೆನ್ನು ಬಾಗಿಸಿ ಕೂರುವ, ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರಿಗೆ ಯಾವ ಕೆಲಸ ಯಾವ ಕೀಲನ್ನು ತಿನ್ನುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅವರ ಮಕ್ಕಳೂ ಆ ಹತ್ತು ದಿನದ ಕೋರ್ಸಿನ ಜಾಹೀರಾತು ನೋಡುತ್ತಿರುತ್ತಾರೆ.

ಸರಿಯಾದ ದಾರಿ ದೂರವೇನಿಲ್ಲ. ಕೊಯಮತ್ತೂರಿನಲ್ಲಿ ರೈಲು ಹತ್ತಿ ಶೋರನೂರಿನಲ್ಲಿ ಇಳಿದರೆ ಹೊಳೆಯಾಚೆ ಚೆರುತುರುತ್ತಿ. ಕೇಂದ್ರ ಸರ್ಕಾರದ ಆಯುರ್ವೇದ ಸಂಶೋಧನಾ ಪರಿಷತ್ತಿನ ಪಂಚಕರ್ಮ ಸಂಸ್ಥೆ ಅಲ್ಲಿದೆ. ಅಲ್ಲಿಯ ಪಂಚಕರ್ಮ ತಂತ್ರಜ್ಞರ ಕೋರ್ಸು ಒಂದು ವರ್ಷದ್ದು. ವೈದ್ಯರ ಸೂಚನೆಯಂತೆ ಕೆಲಸ ಮಾಡುವ ಸಹಾಯಕರಿಗೇ ಒಂದು ವರ್ಷ ಬೇಕೆಂದಾದರೆ ಸ್ವತಂತ್ರವಾಗಿ ಅಂಗಡಿ ಇಡುವವರಿಗೆ ಹತ್ತು ದಿನ ಹೇಗೆ ಸಾಲುತ್ತದೆ? ಬಡವರ ಮಕ್ಕಳು ಒಂದು ವರ್ಷ ಸಂಬಳವಿಲ್ಲದೆ ಇರಲಾದೀತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕಲಿಯುವಾಗ ಸ್ಟೈಪೆಂಡ್ ಕೊಡುವುದು, ಕಲಿಕೆಯನ್ನು ಕತ್ತರಿಸುವುದಲ್ಲ. ಕಾರು ಓಡಿಸುವವನಿಗೆ ಲೈಸೆನ್ಸ್ ಕೇಳುವ ನಾವು ಕುತ್ತಿಗೆ ಒಪ್ಪಿಸುವಾಗ ಏನನ್ನೂ ಕೇಳುವುದಿಲ್ಲ. ಗೋಡೆಯ ಮೇಲೆ ಚಿನ್ನದ ಬಣ್ಣದ ಮುದ್ರೆಯಿರುವ ಚೌಕಟ್ಟು ಕಂಡರೆ ಮುಗಿಯಿತು, ಮುದ್ರೆ ಯಾರದ್ದೆಂದು ಹತ್ತಿರ ಹೋಗಿ ಓದುವುದಿಲ್ಲ.

ವಿದೇಶದ ಕೆಲಸದ ಆಸೆ ತೋರಿಸಿ ಫೀಸು ಕಟ್ಟಿಸಿಕೊಳ್ಳುವವರ ಬಗ್ಗೆ ಮಾತ್ರ ಇನ್ನೊಂದು ಮಾತು. ಜಪಾನಿನಲ್ಲಿ ಈ ಕೆಲಸಕ್ಕೆ ಮೂರು ವರ್ಷ ಓದಿ ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು. ಕೆನಡಾದ ಒಂಟಾರಿಯೊದಲ್ಲಿ ನೋಂದಣಿಯಾಗದವರು ಮಸಾಜ್ ಥೆರಪಿಸ್ಟ್ ಎಂದು ಹೆಸರು ಹಾಕಿಕೊಳ್ಳುವಂತೆಯೇ ಇಲ್ಲ. ಫೀಸು ಕಟ್ಟುವ ಮೊದಲು ಕೇಳಿ: ನಿಮ್ಮ ಸರ್ಟಿಫಿಕೇಟನ್ನು ಯಾವ ದೇಶದ ಯಾವ ಇಲಾಖೆ ಒಪ್ಪುತ್ತದೆ, ಬರೆದುಕೊಡುತ್ತೀರಾ?